ಆಫ್ ಮಾಡಿದರೂ ನಿಲ್ಲದ ದೋಣಿ

ಹೈಸ್ಕೂಲಿನಲ್ಲಿ ವಿದ್ಯುತ್ತಿನ ಪಾಠ ಮಾಡುತ್ತಲೇ ತಲೆ ನರೆತವನು ನಾನು. ಆದರೂ ನಮ್ಮನೆಯ ಬಲ್ಬು ಬದಲಾಯಿಸುವವಳು ನನ್ನ ಹೆಂಡತಿ. ನಾನು ಕೆಳಗೆ ಸ್ಟೂಲು ಹಿಡಿದುಕೊಳ್ಳುತ್ತೇನೆ, ಅದೂ ರಬ್ಬರ್ ಚಪ್ಪಲಿ ಮೆಟ್ಟಿ. ವೈರು ಕಂಡರೆ ನನಗೆ ಹಾವು ಕಂಡಷ್ಟೇ ಭಯ. ಈ ಗುಟ್ಟನ್ನು ಚಾಮರಾಜನಗರದಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ರಫೀಕ್ ಸಾಹೇಬರು ಆ ದೋಣಿಯ ಎಂಜಿನ್ನನ್ನು ನನ್ನ ಬಳಿ ತರುತ್ತಲೇ ಇರಲಿಲ್ಲ.

ಸಾಹೇಬರು ಮೀನು ವ್ಯಾಪಾರಿ. ಅವರ ಮಗಳು ಒಂಬತ್ತನೇ ಕ್ಲಾಸಿನಲ್ಲಿ ನನ್ನ ಶಿಷ್ಯೆ. ಎರಡು ಸಾವಿರದ ಐದೋ ಆರೋ ಇಸವಿ. ತಮ್ಮ ದೋಣಿಯ ಹಿಂಬದಿಗೆ ಸಿಕ್ಕಿಸಲು ಮುದಿ ಎಂಜಿನ್ ಒಂದನ್ನು ಗುಂಡ್ಲುಪೇಟೆಯಲ್ಲಿ ಯಾರೋ ಮಲಯಾಳಿಯಿಂದ ಕೊಂಡು ತಂದಿದ್ದರು. ಕೀ ಹಾಕುವ ಸ್ವಿಚ್ಚು ತುಕ್ಕು ಹಿಡಿದಿತ್ತು. ವೈರುಗಳ ಮೇಲಿನ ರಬ್ಬರು ಹಪ್ಪಳದಂತೆ ಪುಡಿಪುಡಿ.

"ಕರೆಂಟ್ ಪಾಠ ಮಾಡೋರು ನೀವು. ನೀವೇ ವೈರಿಂಗ್ ಮಾಡ್ಕೊಟ್ಬುಡಿ ಸಾ" ಎಂದರು. ಮರ್ಯಾದೆ ಪ್ರಶ್ನೆ! ಒಪ್ಪಿಕೊಂಡೆ. ಬ್ಯಾಟರಿಯೇ ಇಲ್ಲದ ಎಂಜಿನ್ನು, ನಿಂತಿರುವಾಗ ಕರೆಂಟು ಹೊಡೆಯುವುದಿಲ್ಲ ಎಂಬ ಧೈರ್ಯವೂ ಇತ್ತೆನ್ನಿ.

ಎಂಜಿನ್ನಿನಿಂದ ಎರಡು ಹೊಸ ವೈರುಗಳನ್ನು ದೋಣಿಯ ಮುಂಭಾಗಕ್ಕೆ ಎಳೆದು ಹೊಸ ಸ್ವಿಚ್ಚಿಗೆ ಸೇರಿಸಿದೆ. ವೇಗದ ಕೇಬಲ್ಲನ್ನೂ ಹೊಸದಾಗಿ ಹಾಕಿದೆ. ಆನ್ ಮಾಡಿದರೆ ವೈರುಗಳು ಕೂಡಬೇಕು, ಆಫ್ ಮಾಡಿದರೆ ಬಿಡಬೇಕು. ಪಾಠದಲ್ಲಿರುವುದೇ ಹಾಗೆ.

ಸಾಹೇಬರು ತಲೆ ಕೆರೆದುಕೊಂಡರು. "ನಮ್ ಮೊಪೆಡ್ಡಲ್ಲಿ ಉಲ್ಟಾ ಕಣಿ ಸಾ. ವೈರು ಮುಟ್ಸುದ್ರೆ ನಿಂತೋಯ್ತದೆ."

ನಾನು ಜೇಬಿನಿಂದ ಸೀಮೆಸುಣ್ಣ ತೆಗೆದು, ದೋಣಿಯ ಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದೆ. ಮಗಳ ಮೇಷ್ಟ್ರಲ್ಲವೇ, ಪಾಪ, ತಲೆಯಾಡಿಸಿದರು.

ಸುವರ್ಣಾವತಿ ಜಲಾಶಯದಲ್ಲಿ ಪರೀಕ್ಷೆ. ನನಗೆ ಈಜು ಬಾರದು. ದೋಣಿಯ ಮುಂದೆ ಕೂತು ಕೀ ಆನ್ ಮಾಡಿದೆ. ಹಿಂದೆ ಸಾಹೇಬರು ಎಂಜಿನ್ ಚಾಲೂ ಮಾಡುವ ಹಗ್ಗ ಎಳೆದೂ ಎಳೆದೂ ಬೆವತರು. ಎಂಜಿನ್ ಕೆಮ್ಮಲೂ ಇಲ್ಲ. ಸದ್ಯ, ಮನೆಗೆ ಹೋಗಬಹುದು ಎಂದು ಒಳಗೊಳಗೇ ಖುಷಿಪಟ್ಟು ಕೀ ಆಫ್ ಮಾಡಿದೆ. ಸಿಟ್ಟಿನಲ್ಲಿ ಅವರು ಇನ್ನೊಂದು ಸಲ ಎಳೆದರು ನೋಡಿ, ಎಂಜಿನ್ ಅಬ್ಬರಿಸಿತು! ದೋಣಿ ಕಿತ್ತುಕೊಂಡು ಓಡಿತು. ನಾನು ಹಾಕಿದ ಕೇಬಲ್ಲು ಸಿಕ್ಕಿಕೊಂಡು ವೇಗ ತಗ್ಗಲೊಲ್ಲದು.

"ಆಫ್ ಮಾಡಿ ಸಾ!"

"ಆಫ್ ಆಗೇ ಇದೆ ಕಣ್ರೀ!"

ಆಫ್ ಆಗಿರುವುದನ್ನು ಇನ್ನೆಷ್ಟು ಆಫ್ ಮಾಡುವುದು? ಕೀಯನ್ನೇ ಕಿತ್ತೆ. ಅದು ಕೈಜಾರಿ ನೀರಿಗೆ ಬಿತ್ತು. ಎದುರಿಗೆ ಅಣೆಕಟ್ಟೆಯ ಕಲ್ಲುಗಳು. ಸಾಹೇಬರು ಎಂಜಿನ್ನಿನ ಹಿಡಿಕೆ ತಿರುಗಿಸಹೋದರೆ ದೋಣಿ ವಾಲಿ ನೀರು ಒಳಗೆ ನುಗ್ಗಿತು.

"ವೈರ್ ಕಿತ್ತು ಎಲ್ಡೂ ಜೋಡ್ಸಿ ಸಾ, ಜೋಡ್ಸ್ಬುಡಿ!"

ಅಷ್ಟು ಹೆದರಿದ್ದು ನಾನು ಜೀವಮಾನದಲ್ಲೇ ಇಲ್ಲ. ಮುಂದೆ ಕಲ್ಲು, ಕೆಳಗೆ ನೀರು, ಕೈಯಲ್ಲಿ ಸ್ವಿಚ್ಚಿನಿಂದ ಕಿತ್ತ ವೈರು. ಬೆಟ್ಟದ ಗೋಪಾಲಸ್ವಾಮಿಗೆ ಹರಕೆ ಹೊತ್ತು, ಕಣ್ಣು ಮುಚ್ಚಿ, ಎರಡೂ ತುದಿಗಳನ್ನು ಒತ್ತಿ ಹಿಡಿದೆ. ಮೊಣಕೈವರೆಗೆ ಜುಮ್ಮೆಂದಿತು. ಸಾಹೇಬರ ಮೊಪೆಡ್ಡಿನ ಹಾಗೆಯೇ, ವೈರು ಮುಟ್ಟಿದ್ದೇ ಎಂಜಿನ್ ನಿಂತಿತು. ದೋಣಿ ತೇಲುತ್ತ ಹೋಗಿ ಕಲ್ಲಿಗೆ ಮೆತ್ತಗೆ ತಾಗಿತು.

ಸಾಹೇಬರು ದೋಣಿಯೊಳಗಿನ ನೀರು ಮೊಗೆದು ಚೆಲ್ಲುತ್ತ, "ನಾ ಏಳ್ನಿಲ್ವಾ ಸಾ" ಎಂದರು. ಅಷ್ಟೇ. ಹಲಗೆಯ ಮೇಲಿನ ನನ್ನ ಚಿತ್ರ ಅರ್ಧ ನೀರಲ್ಲಿ ತೊಳೆದುಹೋಗಿತ್ತು.

ಧೈರ್ಯ ಬಂತೇ ಎಂದು ಕೇಳುತ್ತೀರಾ? ಎಲ್ಲಿಂದ ಬರಬೇಕು! ಬಲ್ಬು ಇವತ್ತಿಗೂ ಹೆಂಡತಿಯದೇ. ಮರುವಾರ ಕ್ಲಾಸಿನಲ್ಲಿ, ಸ್ವಿಚ್ಚು ಆಫ್ ಮಾಡಿದರೆ ಎಲ್ಲವೂ ನಿಲ್ಲುತ್ತದೆ ಎನ್ನುವ ಮೊದಲು 'ಸಾಮಾನ್ಯವಾಗಿ' ಎಂದು ಸೇರಿಸಿದೆ. ಸಾಹೇಬರ ಮಗಳು ತಲೆ ತಗ್ಗಿಸಿ ನಕ್ಕಳು. ಅಂದಿನಿಂದ ನನಗೆ ವೈರಿನ ಜೊತೆಗೆ, ನನ್ನದೇ ಕೈಯಲ್ಲಿರುವ ಸೀಮೆಸುಣ್ಣ ಕಂಡರೂ ಕೊಂಚ ಭಯ.