ದೊಡ್ಡವ್ವನ ಪಿಂಚಣಿ ಫೋಟೋ

ಅಪ್ಪ ತೀರಿಕೊಂಡಿದ್ದನ್ನು ಪಿಂಚಣಿ ಕಚೇರಿಗೆ ತಿಳಿಸಿ, ಅವ್ವನ ಹೆಸರಿಗೆ ಕುಟುಂಬ ಪಿಂಚಣಿ ಮಾಡಿಸಬೇಕಿತ್ತು. ಅದಕ್ಕೊಂದು ಫೋಟೋ ಬೇಕೆಂದು ಮೊನ್ನೆ ಅವ್ವನನ್ನು ರಾಯಚೂರಿನ ಸ್ಟುಡಿಯೋ ಒಂದಕ್ಕೆ ಕರೆದುಕೊಂಡು ಹೋಗಿದ್ದೆ. ಕನ್ನಡಿಯ ಕೆಳಗೆ ಹಲ್ಲು ಮುರಿದ ಬಾಚಣಿಗೆ, ಮುಚ್ಚಳವಿಲ್ಲದ ಪೌಡರ್ ಡಬ್ಬಿ. ಆ ಪೌಡರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಎದುರುಮನೆಯ ದೊಡ್ಡವ್ವ ನೆನಪಾದಳು...

ದೊಡ್ಡವ್ವ ಅಂದರೆ ರಕ್ತಸಂಬಂಧವೇನಲ್ಲ, ಓಣಿಯ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದೆವು. ಅವ್ವನಿಗೆ ಅವಳು ಅಕ್ಕ. ಮಾನ್ವಿ ಕಡೆಯ ಕುರ್ಡಿಯವಳು. ಗಂಡ ಗಬ್ಬೂರಿನ ಶಾಲೆಯಲ್ಲಿ ಮಾಸ್ತರರಾಗಿದ್ದು, ನಿವೃತ್ತಿಯ ನಂತರ ರಾಯಚೂರಿಗೆ ಬಂದು ನೆಲೆಸಿದ್ದರು. ಅವಳ ಹಣೆಯಲ್ಲಿ ವಿಭೂತಿ, ಅದರ ನಡುವೆ ಕಾಸಿನಗಲ ಕುಂಕುಮ, ಕೈತುಂಬ ಹಸಿರು ಬಳೆ. ರೊಟ್ಟಿ ಬಡಿಯುವಾಗ ಆ ಬಳೆಗಳ ಸದ್ದು ನಮ್ಮ ಪಡಸಾಲೆಗೆ ಕೇಳುತ್ತಿತ್ತು.

ಮಾಸ್ತರರು ತೀರಿಕೊಂಡ ದಿನ, ಮಣ್ಣಿಗೆ ಒಯ್ಯುವ ಮೊದಲು ಹಿರಿಯ ಹೆಂಗಸರು ಬಳೆ ತೆಗೆಯಲು ಬಂದರು. ದೊಡ್ಡವ್ವ ಅಳುತ್ತಲೇ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು. "ಸಣ್ಣಾಕಿ ಇದ್ದಾಗಿಂದ ಹಾಕ್ಕೊಂಡೀನಿ. ಅವರು ತಂದು ಹಾಕಿದ್ದಲ್ಲ, ಅವರು ಹೋದ್ರು ಅಂತ ಯಾಕ ತೆಗೀಲಿ?" ಸುತ್ತ ಗುಸುಗುಸು ಎದ್ದಿತು. ಅವಳು ಕೈ ಹೊರಗೆ ತೆಗೆಯಲಿಲ್ಲ.

ಕಾರ್ಯಗಳು ಮುಗಿದ ಮೇಲೆ ಅವಳೇ ನಮ್ಮ ಮನೆಗೆ ಬಂದಳು. "ಅವರಿಲ್ಲದ ಮ್ಯಾಲ ಅವರ ಪಿಂಚಣಿ ಬರಬಾರದವ್ವ. ಹೇಳಿ, ನನ್ನ ಹೆಸರಿಗೆ ಬರೂದು ಕೇಳಿ ಬರೂಣು ನಡಿ," ಅಂದಳು. ಕಾಲೇಜು ಮುಗಿಸಿ ಮನೆಯಲ್ಲಿದ್ದ ನಾನು ಜೊತೆಗೆ ಹೋದೆ.

ಕಚೇರಿಯ ಗುಮಾಸ್ತ ಮರಣ ಪ್ರಮಾಣಪತ್ರ ಕೈಗೆ ತೆಗೆದುಕೊಂಡ. ಆಮೇಲೆ ದೊಡ್ಡವ್ವನ ಮುಖ ನೋಡಿದ.

"ಯಾರಬೇ ಸತ್ತಿದ್ದು?"

"ನಮ್ಮ ಯಜಮಾನ್ರು ರೀ."

"ಗಂಡ ಸತ್ತಾನಂತೀ, ಹಣಿ ಮ್ಯಾಲ ಇಷ್ಟು ದೊಡ್ಡ ಕುಂಕುಮ, ಕೈ ತುಂಬ ಬಳಿ. ನಾವು ನಂಬೂದು ಹ್ಯಾಂಗ?"

ತಾಯಿಯ ವಯಸ್ಸಿನವಳಿಗೆ ಏಕವಚನ! ಸರ್ಕಾರದ ಮೊಹರು ಬಿದ್ದ ಕಾಗದ ಅವನ ಕೈಯಲ್ಲೇ ಇತ್ತು. ಹಿಂದಿನ ಕುರ್ಚಿಯಲ್ಲಿ ಒಬ್ಬ ನಕ್ಕ. ನನ್ನ ಮೈಯೆಲ್ಲ ಉರಿದುಹೋಯಿತು. ಕುಂಕುಮವಿಲ್ಲದ ಫೋಟೋ ತರದಿದ್ದರೆ ಸಾಹೇಬರು ಸಹಿ ಹಾಕುವುದಿಲ್ಲ ಎಂದು ಹೇಳಿ ನಮ್ಮನ್ನು ಸಾಗಹಾಕಿದ.

ಅಲ್ಲಿಂದ ನೇರ ಸ್ಟುಡಿಯೋಕ್ಕೆ ಹೋದೆವು. ವಿಷಯ ಕೇಳಿ ಸ್ಟುಡಿಯೋದವನಿಗೆ ಪಾಪ ಅನಿಸಿತು. "ಅಳಿಸೂದು ಬ್ಯಾಡ್ರಿ ಯವ್ವಾ, ಕಂಪ್ಯೂಟರಿನ್ಯಾಗ ನಾ ತೆಗೀತೀನಿ," ಅಂದ. ದೊಡ್ಡವ್ವ ಬೆವರು ಒರೆಸಿಕೊಂಡು ಪೌಡರ್ ಹಚ್ಚಿಕೊಂಡಳು. ಕನ್ನಡಿ ನೋಡಿ ಕುಂಕುಮ ಸರಿಮಾಡಿಕೊಂಡಳು. "ಮುಖ ನಂದಪ್ಪ. ಹ್ಯಾಂಗದ ಹಂಗ ತೆಗಿ," ಅಂದಳು.

ಆ ಫೋಟೋ ಕಚೇರಿಯ ಯಾವುದೋ ಮೂಲೆ ಸೇರಿತು. ಸತ್ತಿದ್ದಕ್ಕೆ ಮಾಸ್ತರರು ಕೆಲಸ ಮಾಡಿದ ಊರಿನವರ ಸಾಕ್ಷಿ ತಾ ಅಂದರು. ಬಸ್ಸಿನಲ್ಲಿ ಗಬ್ಬೂರಿಗೆ ಹೋಗಿ ಪಂಚರ ಸಹಿ ತಂದದ್ದೂ ಆಯಿತು. ಆದರೂ ಕೆಲಸ ಮುಂದೆ ಹೋಗಲಿಲ್ಲ. ಇಷ್ಟರಲ್ಲಿ ಮಾಸ್ತರರ ಪಿಂಚಣಿ ಮಾತ್ರ ಮರುತಿಂಗಳೇ ನಿಂತಿತ್ತು. ಅದೇ ಪ್ರಮಾಣಪತ್ರ, ಅದೇ ಮೇಜು! ನಿಲ್ಲಿಸುವಾಗ ಮಾಸ್ತರರು ಸತ್ತಿದ್ದರು, ಕೊಡಬೇಕಾದಾಗ ಮಾತ್ರ ಸತ್ತಿರಲಿಲ್ಲ. ಈಗ ನೆನೆದರೂ ಸಿಟ್ಟು ಇಳಿಯುವುದಿಲ್ಲ.

ಹೀಗೆ ತಿಂಗಳುಗಳು ಕಳೆದವು. ಒಂದು ದಿನ ದೊಡ್ಡವ್ವ ಗುಮಾಸ್ತನ ಕಡೆ ನೋಡದೆ ಸೀದಾ ಸಾಹೇಬರ ಕೋಣೆಗೆ ನುಗ್ಗಿದಳು. ಜವಾನ ತಡೆಯುತ್ತ ಹಿಂದೆಯೇ ಬಂದ. ಅವಳು ಬಾಗಿಲಲ್ಲೇ ನಿಂತು ಕೇಳಿದಳು.

"ಸಾಹೇಬ್ರ, ನಮ್ಮ ಯಜಮಾನ್ರು ಸತ್ತಾರೋ, ಬದುಕ್ಯಾರೋ? ಸತ್ತಾರ ಅಂದ್ರ ನಂದು ಕೊಡ್ರಿ. ಬದುಕ್ಯಾರ ಅಂದ್ರ ಅವರ್ದು ಕೊಡ್ರಿ. ಎರಡೂ ಇಲ್ಲಂದ್ರ ಹ್ಯಾಂಗ್ರಿ?"

ಸಾಹೇಬರು ಜವಾನನಿಗೆ ಹೊರಗೆ ಹೋಗಲು ಕೈಸನ್ನೆ ಮಾಡಿದರು. ಗುಮಾಸ್ತನನ್ನು ಕರೆಸಿ ಕಡತ ತರಿಸಿದರು. ಕುಂಕುಮವಿದ್ದ ಆ ಫೋಟೋದ ಮೇಲೆಯೇ ಸಹಿ ಬಿತ್ತು. ಗುಮಾಸ್ತ ತಪ್ಪಾಯಿತು ಅನ್ನಲಿಲ್ಲ. ಹೊರಗೆ ಬಂದ ದೊಡ್ಡವ್ವ ಮೆಟ್ಟಿಲ ಮೇಲೆ ಕುಸಿದು ಕೂತು, ಮಾಸ್ತರರು ಹೋದ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತಳು... ಬದುಕಿದ್ದಷ್ಟು ದಿನ ಆ ಪಿಂಚಣಿ ತಪ್ಪದೆ ತೆಗೆದುಕೊಂಡಳು. ಹೋದ ವರ್ಷ ಅವಳೂ ತೀರಿಕೊಂಡಳು.

ಈ ಸಲ ಅವ್ವನ ಜೊತೆ ಅದೇ ಕಚೇರಿಗೆ ಹೋದಾಗ ಬೇರೆ ಗುಮಾಸ್ತನಿದ್ದ. ಅಪ್ಪ ಹೋದ ದಿನವೇ ಅವ್ವನ ಬಳೆ ಒಡೆದಿದ್ದರು, ಕುಂಕುಮ ಅಳಿಸಿದ್ದರು. ಅವನು ಅವಳ ಹಣೆ ನೋಡಿದ, ಬರಿಗೈ ನೋಡಿದ. "ಕೂಡ್ರಿ ಯವ್ವಾ," ಎಂದು ಕುರ್ಚಿ ತೋರಿಸಿ ಕಾಗದಗಳನ್ನು ಸರಿಯಾಗಿ ಓದದೆಯೇ ತೆಗೆದಿಟ್ಟುಕೊಂಡ. ಒಂದು ಪ್ರಶ್ನೆ ಇಲ್ಲ, ಒಂದು ಅನುಮಾನ ಇಲ್ಲ. ಹಿಂದೆ ದೊಡ್ಡವ್ವನಿಗೆ ಆಡಿದ ಆ ಕೊಂಕುಮಾತು ಕೇಳಿದಾಗ ಆಗಿದ್ದಕ್ಕಿಂತ ಹೆಚ್ಚು ಸಂಕಟ ಈ ಮರ್ಯಾದೆಯಿಂದ ಆಯಿತು.

ಮನೆಗೆ ಬರುವಾಗ ಆಟೋದಲ್ಲಿ ಅವ್ವ ತನ್ನ ಬರಿ ಮಣಿಕಟ್ಟು ಸವರಿಕೊಳ್ಳುತ್ತಿದ್ದಳು. ಆಮೇಲೆ ಹೊರಗೆ ನೋಡುತ್ತಲೇ ಅಂದಳು:

"ಎದುರುಮನಿ ಅಕ್ಕ ಇರಬೇಕಿತ್ತು ನೋಡು. ಅವತ್ತು ನನ್ನ ಕೈ ಯಾರಿಗೂ ಮುಟ್ಟಗೊಡತಿರಲಿಲ್ಲ."