ಇಲ್ಲದ ಮರದ ನೆರಳು

ಜಾಗತಿಕ ಪರಿಸರ ಸಮಸ್ಯೆಗಳನ್ನು ಪದವಿಯ ಮುಖ್ಯ ವಿಷಯವಾಗಿಯೇ ಓದಬಹುದೆಂದು ವಿಜಯನಗರ, ರಾಜಾಜಿನಗರದ ಮನೆಗಳಿಗೆ ಒಪ್ಪಿಸಿದವರು ಯಾರೆಂದು ಕೇಳಿದರೆ, ನಮ್ಮ ಕಾಲೇಜಿನಲ್ಲಿ ಓದಿದ ಯಾರೇ ಆಗಲಿ ಜಗದಾಂಬಾ ಮೇಡಂ ಅವರ ಹೆಸರನ್ನೇ ಹೇಳುತ್ತಾರೆ. 1993ರಲ್ಲಿ ಸಸ್ಯಶಾಸ್ತ್ರದ ಉಪನ್ಯಾಸಕಿಯಾಗಿ ಸೇರಿದ ಅವರು, 2009ರಲ್ಲಿ ಹನ್ನೊಂದು ಮಂದಿ ವಿದ್ಯಾರ್ಥಿಗಳೊಂದಿಗೆ ಈ ಪದವಿಯನ್ನು ಆರಂಭಿಸಿ, ಹದಿನಾರು ವರ್ಷ ನಡೆಸಿ, ಈಗ ನಿವೃತ್ತರಾಗುತ್ತಿದ್ದಾರೆ. ನಾನು ಅವರ ಎರಡನೆಯ ತಂಡದವಳು. ಅವರ ಅಭಿನಂದನ ಸಂಪುಟಕ್ಕೆ ಈ ಲೇಖನ ಬರೆಯಲು ಒಪ್ಪಿಕೊಂಡಾಗ ನನ್ನಲ್ಲಿದ್ದದ್ದು ಸಂತೋಷ. ಬರೆಯಲು ಕುಳಿತಿರುವ ಈಗ ಇರುವುದು ಆಘಾತ. ಅದರ ಕಾರಣವನ್ನು ಕ್ರಮವಾಗಿಯೇ ಹೇಳುತ್ತೇನೆ.

ನಾನು ಈ ಪದವಿಗೆ ಸೇರಿದ್ದೇ ಮೇಡಂ ಕುರುಬರಹಳ್ಳಿಯ ನಮ್ಮ ಮನೆಗೆ ಬಂದದ್ದರಿಂದ. ನನ್ನ ತಂದೆ ಬಿ.ಕಾಂ. ಅರ್ಜಿ ತುಂಬಿ ಇಟ್ಟಿದ್ದರು.

"ಪ್ರಪಂಚದ ಸಮಸ್ಯೆ ಓದಿದ್ರೆ ಇವಳ ಸಮಸ್ಯೆ ಬಗೆಹರಿಯುತ್ತಾ ಮೇಡಂ?" ಎಂದು ಕೇಳಿದರು.

"ಇವಳೂ ಪ್ರಪಂಚದಲ್ಲೇ ಇದಾಳಲ್ಲ ಸಾರ್" ಎಂದರು ಮೇಡಂ. ತಂದೆ ನಕ್ಕರು. ಬಿ.ಕಾಂ. ಅರ್ಜಿ ಹಾಗೆಯೇ ಉಳಿಯಿತು.

ಅವರ ಪಾಠದ ಕ್ರಮ ಬೇರೆ. ಭೂಮಿ ಬಿಸಿಯಾಗುತ್ತಿದೆ ಎಂಬ ಅಧ್ಯಾಯವನ್ನು ಓದಿಸುವ ಮೊದಲು ಪ್ರತಿಯೊಬ್ಬರ ಕೈಗೂ ಒಂದು ಥರ್ಮಾಮೀಟರ್ ಕೊಟ್ಟು, ಒಂದೊಂದು ಮರವನ್ನು ಗೊತ್ತುಮಾಡಿಕೊಟ್ಟರು. ಪ್ರತಿ ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಆ ಮರದ ನೆರಳಿನಲ್ಲಿ ಒಮ್ಮೆ, ಇಪ್ಪತ್ತು ಹೆಜ್ಜೆ ಆಚೆ ಬಿಸಿಲಿನ ರಸ್ತೆಯಲ್ಲಿ ಒಮ್ಮೆ ಉಷ್ಣತೆ ಅಳೆದು ರಿಜಿಸ್ಟರಿನಲ್ಲಿ ಬರೆಯಬೇಕು. ನೈರೋಬಿ, ಲೀಮಾ ಮತ್ತು ಹನೋಯ್ ನಗರಗಳ ಒಂದೊಂದು ಕಾಲೇಜಿನ ಹುಡುಗರೂ ತಮ್ಮ ಮರಗಳ ಕೆಳಗೆ ಇದನ್ನೇ ಮಾಡುತ್ತಿದ್ದರು. ಐವತ್ತೆರಡು ವಾರಗಳ ನಂತರ ನಾಲ್ಕೂ ಊರಿನ ಅಂಕಿಗಳನ್ನು ಹೋಲಿಸುವುದು ಉದ್ದೇಶ. ನನಗೆ ಬಂದದ್ದು ಆರ್‌ಪಿಸಿ ಲೇಔಟ್‌ನ ಒಂದು ಹೊಂಗೆ ಮರ.

ನಿಯಮ ಒಂದೇ ಇತ್ತು. "ಹೋಗೋಕಾಗ್ಲಿಲ್ವಾ, ಖಾಲಿ ಬಿಡಿ. ಖಾಲಿಗೆ ನಾನು ಮಾರ್ಕ್ಸ್ ಕಟ್ ಮಾಡಲ್ಲ" ಎಂದು ಮೊದಲ ದಿನವೇ ಹೇಳಿದ್ದರು. ಆ ಮಾತಿಗೆ ಕೊನೆಯವರೆಗೂ ತಪ್ಪಲಿಲ್ಲ. ಜ್ವರ ಬಂದು ಆರು ವಾರ ಖಾಲಿ ಬಿಟ್ಟ ಅಮರೇಶನಿಗೆ ತರಗತಿಯಲ್ಲಿ ಅತಿ ಹೆಚ್ಚು ಅಂಕ ಬಂದಿತ್ತು. 2013ರ ಆಗಸ್ಟ್‌ನಲ್ಲಿ ಅಧ್ಯಯನದ ಲೇಖನ ಒಂದು ವಿದೇಶಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ನಾನು ಪದವಿ ಮುಗಿಸಿ, ಮೇಡಂ ಕೊಟ್ಟ ಶಿಫಾರಸು ಪತ್ರದ ಬಲದಿಂದ ದಿನಪತ್ರಿಕೆಯೊಂದಕ್ಕೆ ಸೇರಿದ್ದೆ. 'ಈಕೆ ಕಂಡದ್ದನ್ನು ಮಾತ್ರ ಬರೆಯುತ್ತಾಳೆ' ಎಂಬ ಸಾಲು ಆ ಪತ್ರದಲ್ಲಿತ್ತು.

ಪತ್ರಿಕೆಯವಳೆಂಬ ಕಾರಣಕ್ಕೆ ಅಭಿನಂದನ ಸಮಿತಿಯು ಈ ಸಂಪುಟದ ಇಸವಿ, ಹುದ್ದೆಗಳನ್ನು ಸರಿನೋಡುವ ಕೆಲಸವನ್ನು ನನಗೆ ವಹಿಸಿತು. ಆಹ್ವಾನ ಪತ್ರಿಕೆಯ ಕರಡಿನಲ್ಲಿ 'ಪ್ರಾಧ್ಯಾಪಕಿ' ಎಂದಿತ್ತು. ಕಡತ ತರಿಸಿ ನೋಡಿದೆ. ಅವರು ಸಹ ಪ್ರಾಧ್ಯಾಪಕಿಯಾಗಿಯೇ ನಿವೃತ್ತರಾಗುತ್ತಿದ್ದಾರೆ. 2014ರ ಬಡ್ತಿ ಸಂದರ್ಶನದಲ್ಲಿ ಆಯ್ಕೆಯಾಗಿಲ್ಲ. ಕಾರಣವನ್ನು ಖಚಿತವಾಗಿ ಹೇಳಲು ನನ್ನ ಬಳಿ ದಾಖಲೆಯಿಲ್ಲ. ಆದರೆ ಸಂದರ್ಶನದ ಟಿಪ್ಪಣಿಯಲ್ಲಿ 'ಹಿಂಪಡೆದ ಲೇಖನ' ಎಂಬ ಎರಡು ಪದಗಳಿದ್ದು, ಅವುಗಳ ಕೆಳಗೆ ಗೆರೆ ಎಳೆಯಲಾಗಿದೆ.

ಪ್ರಕಟವಾದ ಮೇಲೆ ಮೇಡಂ ತಾವೇ ಹಿಂಪಡೆದದ್ದು ನಮ್ಮ ಮರಗಳ ಲೇಖನವನ್ನೇ. ಪತ್ರಿಕೆಗೆ ಮೇಡಂ ಕಳಿಸಿದ ಎರಡು ಸಾಲು ಕಡತದಲ್ಲಿತ್ತು: 'ಕೆಲವು ಅಂಕಿಗಳು ವಿಶ್ವಾಸಾರ್ಹವಲ್ಲ. ಪರಿಶೀಲಿಸದೆ ಕಳಿಸಿದ ಹೊಣೆ ನನ್ನದು.' ಓದಿದವರು ಅಂಕಿಗಳನ್ನು ಅವರೇ ಹುಟ್ಟಿಸಿದರೆಂದು ತಿಳಿದರೆ ಆಶ್ಚರ್ಯವಿಲ್ಲ. ಹಾಗೆ ತಿಳಿದವರು ಇಂದಿಗೂ ಇದ್ದಾರೆ. ಇಬ್ಬರು ನನಗೆ ನೇರವಾಗಿಯೇ ಹೇಳಿದರು.

ಆ ಕಾಲದಿಂದಲೂ ಪ್ರಯೋಗಾಲಯದ ಅಟೆಂಡರ್ ಆಗಿರುವ ಚಿಕ್ಕಹನುಮಯ್ಯನವರ ಬಳಿ ಹೋಗಿ, ಯಾರ ಅಂಕಿಗಳಿಂದ ಹೀಗಾಯಿತೆಂದು ಕೇಳಿದೆ. ನಿಜಕ್ಕೂ ಸಿಟ್ಟಿನಿಂದಲೇ ಕೇಳಿದೆ. ಅವರು ಬೀರುವಿನಿಂದ ಹಳೆಯ ರಿಜಿಸ್ಟರ್ ತೆಗೆದು, ಪುಟ ತಿರುಗಿಸಿ, ಒಂದು ಕಾಲಂ ಮೇಲೆ ಬೆರಳಿಟ್ಟರು.

"ಯಾರದು ಅಂತ ನನ್ನ ಕೇಳ್ತೀರಲ್ಲಮ್ಮ. ನಿಮ್ಮ ಬರವಣಿಗೆ ನಿಮಗೇ ಗೊತ್ತಾಗ್ಲಿಲ್ವಾ?"

ಗೊತ್ತಾಯಿತು. 2013ರ ಮಾರ್ಚ್ ಎರಡನೆಯ ವಾರದಿಂದ ಬುಧವಾರ ಮಧ್ಯಾಹ್ನಗಳಂದು ನಾನು ಪತ್ರಿಕಾ ಕಚೇರಿಯಲ್ಲಿ ತರಬೇತಿಗೆಂದು ಕೂರುತ್ತಿದ್ದೆ. ಅಲ್ಲಿಯವರೆಗೆ ಒಂದು ವಾರವನ್ನೂ ತಪ್ಪಿಸದ ಕಾಲಂ ಖಾಲಿಯಾಗಬಾರದೆಂಬ ಆಸೆಯಿಂದ, ಹಿಂದಿನ ವಾರಗಳ ಅಂಕಿಗೆ ಅಷ್ಟಿಷ್ಟು ಸೇರಿಸಿ ಅಧ್ಯಯನದ ಕೊನೆಯ ಮೂರು ವಾರಗಳದ್ದನ್ನು ಬರೆದುಬಿಟ್ಟಿದ್ದೆ. ಆಮೇಲೆ ಮರೆತೂಬಿಟ್ಟಿದ್ದೆ.

ಉಳಿದದ್ದನ್ನು ಚಿಕ್ಕಹನುಮಯ್ಯನವರೇ ಹೇಳಿದರು. 2014ರ ಜನವರಿಯಲ್ಲಿ ನೈರೋಬಿಯ ವಿದ್ಯಾರ್ಥಿಗಳು ಎಲ್ಲ ಮರಗಳ ಫೋಟೊ ಕೇಳಿದ್ದರಂತೆ. ಮೇಡಂ ಇವರನ್ನು ಜೊತೆಗೆ ಕರೆದುಕೊಂಡು ಒಂದೊಂದೇ ಮರ ನೋಡುತ್ತ ಆರ್‌ಪಿಸಿ ಲೇಔಟ್‌ಗೆ ಬಂದಾಗ ಅಲ್ಲಿ ಮರವಿರಲಿಲ್ಲ.

"ಗೇಟ್ ಮುಂದೆ ಕಾರ್ ಹತ್ತಿಸೋಕೆ ಇಳಿಜಾರು ಮಾಡಿಬಿಟ್ಟಿದ್ರು. ಮನೆಯವ್ರು ಕಡಿಸಿದ ದಿನದ ರಸೀದಿನೇ ತೋರಿಸಿದ್ರು, ಮಾರ್ಚ್ ಹತ್ತು, ಭಾನುವಾರ. ಮೇಡಂ ಅಲ್ಲೇ ಮೆಟ್ಟಿಲ ಮೇಲೆ ಕೂತ್ಕೊಂಡ್ರು. ಇಲ್ದೇ ಇರೋ ಮರದ ನೆರಳನ್ನ ಅಳೆದಿದಾಳಲ್ಲ ಚಿಕ್ಕಹನುಮಯ್ಯ ಅಂದ್ರು."

ಕಳೆದ ವಾರ ಬಸವೇಶ್ವರನಗರದ ಅವರ ಮನೆಗೆ ಹೋಗಿ ಕಡತವನ್ನು ಮುಂದಿಟ್ಟೆ. "ನನ್ನ ಹೆಸರು ಯಾಕೆ ಹೇಳ್ಲಿಲ್ಲ ಮೇಡಂ?"

"ಮರ ನೋಡದೆ ಲೇಖನ ಕಳಿಸಿದ್ದು ನಾನಲ್ಲೇನವ್ವಾ? ನಿಂದು ಮೂರು ಬುಧವಾರದ ತಪ್ಪು. ನಂದು ಇಡೀ ವರ್ಷದ್ದು."

"ಕರೆದು ಬೈಬಹುದಿತ್ತು."

"ಬೈಬೇಕು ಅಂತಲೇ ಫೋನ್ ಕೈಗೆ ತಗೊಂಡಿದ್ದೆ. ಅಷ್ಟೊತ್ತಿಗೆ ನೀನೇ ಮಾಡಿದೆ, ಕೆಲಸ ಖಾಯಂ ಆಯ್ತು ಮೇಡಂ ಅಂತ. ಏನು ಮಾಡ್ಲಿ ಹೇಳು."

ಆ ಕರೆ ನನಗೆ ನೆನಪಿದೆ. ನಾನು ಸುದ್ದಿ ಹೇಳಿದ ಮೇಲೆ ಮೇಡಂ ಸ್ವಲ್ಪ ಹೊತ್ತು ಮಾತಾಡಿರಲಿಲ್ಲ. ಸಂತೋಷಕ್ಕೆ ಮಾತು ಹೊರಡಲಿಲ್ಲವೆಂದು ಹನ್ನೊಂದು ವರ್ಷ ತಿಳಿದಿದ್ದೆ.

ಇದನ್ನು ಬರೆಯುತ್ತೇನೆ ಎಂದೆ. ಅವರಿಗೆ ಗಾಬರಿಯಾಯಿತು. "ಕೆಲಸಕ್ಕೆ ಕುತ್ತು ಬಂದ್ರೆ?"

"ಸಂಪಾದಕರಿಗೆ ಹೇಳಿದೀನಿ. ಮೊದಲು ಬರಿ, ಆಮೇಲೆ ನೋಡೋಣ ಅಂದ್ರು."

ಮೇಡಂ ಕಡತವನ್ನು ಮುಚ್ಚಿ ನನ್ನ ಕಡೆಗೆ ಸರಿಸಿದರು. ಆಮೇಲೆ ಮೇಷ್ಟರ ದನಿಯಲ್ಲಿ ಹೇಳಿದರು: "ಹಂಗಾದ್ರೆ ನೆಟ್ಟಗೆ ಬರಿ. ತಾರೀಕು ಹಾಕು, ಅಂಕಿ ಹಾಕು. ಸುಮ್ನೆ ತಪ್ಪಾಯ್ತು ಅಂತ ಬರೆದ್ರೆ ಮಾರ್ಕ್ಸ್ ಇಲ್ಲ."

ಆದ್ದರಿಂದ, ನಮ್ಮ ಪತ್ರಿಕೆಯಲ್ಲಿ ಹಾಕುವ ಹಾಗೆಯೇ, ತಿದ್ದುಪಡಿ: 2013ರ ಮಾರ್ಚ್ 13, 20 ಮತ್ತು 27ರಂದು ಆರ್‌ಪಿಸಿ ಲೇಔಟ್‌ನ ಹೊಂಗೆ ಮರದ ನೆರಳಿನಲ್ಲಿ ಕ್ರಮವಾಗಿ 30.2, 30.6 ಮತ್ತು 31 ಡಿಗ್ರಿ ಉಷ್ಣತೆ ಇತ್ತೆಂದು ದಾಖಲಾಗಿದೆ. ಆ ದಿನಗಳಲ್ಲಿ ಅಲ್ಲಿ ಮರ ಇರಲಿಲ್ಲ. ದಾಖಲಿಸಿದ ವಿದ್ಯಾರ್ಥಿನಿ ಅಲ್ಲಿಗೆ ಹೋಗಿರಲೂ ಇಲ್ಲ. ಆ ವಿದ್ಯಾರ್ಥಿನಿ ಈ ಲೇಖನದ ಲೇಖಕಿ ರಾಗಿಣಿ. ಜಗದಾಂಬಾ ಅವರು ಯಾವ ಅಂಕಿಯನ್ನೂ ಹುಟ್ಟಿಸಿದವರಲ್ಲ.

ನಿವೃತ್ತಿಯ ಮರುವಾರದಿಂದಲೇ ಬುಧವಾರದ ಅಳತೆಯನ್ನು ಹಳೆಯ ವಿದ್ಯಾರ್ಥಿಗಳೊಡನೆ ಮತ್ತೆ ಶುರುಮಾಡುವುದಾಗಿ ಮೇಡಂ ಹೇಳಿದ್ದಾರೆ. ಹೊಸ ರಿಜಿಸ್ಟರಿಗೆ ಆಗಲೇ ರಟ್ಟು ಹಾಕಿಸಿದ್ದಾರೆ. ಅದು ತುಂಬಿ ಮತ್ತೊಂದು, ಮಗದೊಂದು ತುಂಬುವಷ್ಟು ಆಯುಸ್ಸು, ಆರೋಗ್ಯ ಮತ್ತು ಮಧ್ಯಾಹ್ನದ ಬಿಸಿಲಿನಲ್ಲಿ ನಡೆಯುವ ಶಕ್ತಿ ಅವರಿಗೆ ಇರಲಿ ಎಂದು ಮನಸಾರೆ ಹಾರೈಸುತ್ತೇನೆ. ಆರ್‌ಪಿಸಿ ಲೇಔಟ್‌ನ ಜಾಗವನ್ನು ಮತ್ತೆ ನನಗೇ ಕೊಟ್ಟಿದ್ದಾರೆ. ಮೊನ್ನೆ ಬುಧವಾರ ಎರಡು ಗಂಟೆಗೆ, ಅಭ್ಯಾಸಕ್ಕೆಂದು, ಆ ಗೇಟಿನ ಮುಂದೆ ಹೋಗಿ ನಿಂತೆ. ರಸ್ತೆಯ ಕಾಲಂನಲ್ಲಿ 33.4 ಎಂದು ಬರೆದೆ. ನೆರಳಿನ ಕಾಲಂ ಖಾಲಿ ಬಿಟ್ಟಿದ್ದೇನೆ.