ತಂಬೂರಿಯ ಹೊಟ್ಟೆಯೊಳಗಿನ ಹಳದಿ ಹುಡಿ

ಗುಂಡ್ಲುಪೇಟೆಯ ರೂಪಶ್ರೀ ಯಾರನ್ನೂ ನಂಬುವುದಿಲ್ಲ. ಇದನ್ನು ನಾನು ಚಾಡಿಯಾಗಿ ಹೇಳುತ್ತಿಲ್ಲ, ಅವಳ ಎದುರಿಗೇ ಹೇಳಿದ್ದೇನೆ. ಹೋಟೆಲಿನಲ್ಲಿ ಉಪ್ಪಿಟ್ಟು ತಂದಿಟ್ಟರೆ ಮೊದಲು ಚಮಚದಲ್ಲಿ ಕೆದಕಿ ರವೆ ಪರೀಕ್ಷೆ ಮಾಡುತ್ತಾಳೆ. ಗೋಡಂಬಿಯನ್ನು ಹೋಳು ಮಾಡಿ ನೋಡದೆ ಬಾಯಿಗೆ ಹಾಕುವುದಿಲ್ಲ. ಮದುವೆಗೆ ಹೋದರೆ ಹೆಣ್ಣಿನ ಸೀರೆ ನೋಡುವುದು ಬಿಟ್ಟು ಕಲ್ಯಾಣಮಂಟಪದ ಕಿಟಕಿಯ ಮೂಲೆ ನೋಡುತ್ತಾಳೆ, ಅಲ್ಲಿ ಸತ್ತ ಹುಳ ಏನಾದರೂ ಬಿದ್ದಿದೆಯೇ ಎಂದು. ಅವಳ ಗಂಡ ಪಾಪದವನು, ಅವನಿಗೆ ಅಭ್ಯಾಸವಾಗಿಬಿಟ್ಟಿದೆ.

ಈ ಗುಣ ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ಗುಂಡ್ಲುಪೇಟೆಯಲ್ಲಿ ದಿನಸಿ ಮಂಡಿ ಇಟ್ಟಿದ್ದವರು. ಮಾರಲು ಬಂದವನು ಮೂಟೆಯ ಬಾಯಿ ಬಿಚ್ಚಿ ತೋರಿಸಿದರೆ ಇವರು ಮೊಣಕೈವರೆಗೆ ಕೈ ತೂರಿಸಿ, ತಳದಿಂದ ಒಂದು ಹಿಡಿ ತೆಗೆದು ಮಗಳ ಮುಂದೆ ಸುರಿಯುತ್ತಿದ್ದರು. ಹುಳ ಹೆಕ್ಕುವುದು ಅವಳ ಕೆಲಸ. ಓರಗೆಯ ಹುಡುಗಿಯರು ಕುಂಟೆಬಿಲ್ಲೆ ಆಡುವ ಹೊತ್ತಿನಲ್ಲಿ ಇವಳು ಅವರೆಯ ಹುಳ ಬೇರೆ, ಅಕ್ಕಿಯ ಹುಳ ಬೇರೆ ಎಂದು ಬೆಂಕಿಪೊಟ್ಟಣಗಳಲ್ಲಿ ಕೂಡಿಹಾಕುತ್ತಿದ್ದಳಂತೆ. ಮುಂದೆ ಪ್ರಾಣಿಶಾಸ್ತ್ರ ಓದಿದಳು. ಮ್ಯೂಸಿಯಂಗಳಲ್ಲಿರುವ ಹಳೆಯ ವಸ್ತುಗಳಿಗೆ ಬೀಳುವ ಹುಳಗಳನ್ನು ಗುರುತು ಹಿಡಿಯುವ ತರಬೇತಿಯನ್ನು ಮೈಸೂರಿನಲ್ಲಿ ಪಡೆದಳು. ಈಗ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಬಿಡುವಿದ್ದಾಗ ಯಾವುದೋ ಮಠದ ತಾಳೆಗರಿ, ಬಂಡೀಪುರದ ಕಡೆಯ ಯಾವುದೋ ಹಳೇ ಬಂಗಲೆಯ ಗೋಡೆಯಲ್ಲಿ ಕೂದಲು ಉದುರಿಸುತ್ತಿರುವ ಜಿಂಕೆ ತಲೆ ಎಂದು ಓಡುತ್ತಿರುತ್ತಾಳೆ.

ನಾನು ಗಂಗಾಧರಸ್ವಾಮಿ. ಚಾಮರಾಜನಗರದಲ್ಲಿ ಒಂದು ಟ್ರಸ್ಟಿನವರು ನಡೆಸುವ ಪುಟ್ಟ ಜಾನಪದ ಮ್ಯೂಸಿಯಂ ಇದೆ, ಅದರ ಬಾಗಿಲಲ್ಲಿ ಕೂತು ಟಿಕೆಟ್ ಹರಿದುಕೊಡುವವನು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ದೂರು ಇದೆ. ಗಾಜಿನ ಮೇಲೆ ಗೀರುವ ಮಕ್ಕಳ ಅಪ್ಪಂದಿರನ್ನು ಬೈದಿರುವುದು ನಿಜ. ಇನ್ನು ಮುಂದೆಯೂ ಬೈಯುತ್ತೇನೆ.

ನಮ್ಮಲ್ಲಿ ಜನ ನಿಂತು ನೋಡುವ ವಸ್ತು ಒಂದೇ, ರಾಚಯ್ಯನ ತಂಬೂರಿ. ತೆರಕಣಾಂಬಿಯ ರಾಚಯ್ಯ ಮನೆಮನೆಗೆ ಹೋಗಿ ದೇವರ ಪದ ಹೇಳುತ್ತಿದ್ದ ನೀಲಗಾರ. ಅವನ ತಂಬೂರಿಯ ಹೊಟ್ಟೆ ಒಣಗಿದ ಸೋರೆ ಬುರುಡೆಯದು, ಮೀಟಿದರೆ ಜೇನುಹುಟ್ಟಿನ ಹಾಗೆ ಗುಂಯ್‌ಗುಡುತ್ತಿತ್ತು. ಅವನು ತೀರಿಕೊಂಡ ಮೇಲೆ ಹೆಂಡತಿ ಚಿಕ್ಕಮಾದಮ್ಮ ಅದನ್ನು ಬಸ್ಸಿನಲ್ಲಿ ಮಡಿಲ ಮೇಲೆ ಮಲಗಿಸಿಕೊಂಡು ತಂದು ನಮಗೆ ಒಪ್ಪಿಸಿದಳು. ಮಗ ನಿಂಗರಾಜು ನಮ್ಮಲ್ಲೇ ಅಟೆಂಡರ್. ಪೆಟ್ಟಿಗೆಗಳ ಬೀಗದ ಕೈ ಅವನ ಹತ್ತಿರವೇ ಇರುತ್ತಿತ್ತು.

ಈ ವರ್ಷದ ಬೇಸಿಗೆಯಲ್ಲಿ ಯಾರೋ ಅತಿಥಿಗಳು ಬಂದರು. ಟ್ರಸ್ಟಿನ ಕಾರ್ಯದರ್ಶಿ ಮೃತ್ಯುಂಜಯ ಜಂಬದಿಂದ ಗಾಜಿನ ಪೆಟ್ಟಿಗೆ ತೆಗೆಸಿ ತಂಬೂರಿ ಮೀಟಿದ. ಒಡಕು ಮಡಕೆ ತಟ್ಟಿದ ಹಾಗೆ ಡಬ್ ಎಂದಿತು. ತಿರುಗಿಸಿ ನೋಡಿದರೆ ಬುರುಡೆಯ ಬೆನ್ನಿನ ಮೇಲೆಲ್ಲ ಸೂಜಿಮೊನೆಯಷ್ಟು ತೂತುಗಳು. ಹಿಂದೆ ತೆಗೆಸಿದ ಫೋಟೋದಲ್ಲಿ ಒಂದು ತೂತೂ ಇರಲಿಲ್ಲ.

ಅಷ್ಟು ಸಾಕಾಯಿತು. ಇಲಿ ಹೋಯಿತೆಂದರೆ ಹುಲಿ ಹೋಯಿತೆನ್ನುವ ಜನ ನಮ್ಮವರು. ಇದು ರಾಚಯ್ಯನ ತಂಬೂರಿಯೇ ಅಲ್ಲ ಎಂದ ಮೃತ್ಯುಂಜಯ. ಕೆಲವು ತಿಂಗಳ ಹಿಂದೆ ಕೇರಳದ ಕಡೆಯ ಒಬ್ಬ ಹಳೇ ಸಾಮಾನಿನ ವ್ಯಾಪಾರಿ ಬಂದು ಇದರ ಬೆಲೆ ಕೇಳಿ ಹೋಗಿದ್ದ. ಅಸಲಿ ಅವನ ಪಾಲಾಗಿದೆ, ಹೊಸ ಬುರುಡೆಗೆ ಸೂಜಿಯಲ್ಲಿ ಚುಚ್ಚಿ ಹಳೆಯದರಂತೆ ಕಾಣಿಸಿ ಇಲ್ಲಿಟ್ಟಿದ್ದಾರೆ ಎಂದು ಅವನ ಲೆಕ್ಕಾಚಾರ. ಎದುರಿನ ಟೀ ಅಂಗಡಿಯವನು ಬೇರೆ ಉಪ್ಪುಖಾರ ಹಚ್ಚಿದ: ಸೋಮವಾರ ರಜೆಯ ದಿನ ನಿಂಗರಾಜು ಬಾಗಿಲು ತೆಗೆದು ಯಾರನ್ನೋ ಒಳಗೆ ಕರೆದುಕೊಂಡು ಹೋಗುತ್ತಾನೆ, ಅವರ ಕೈಯಲ್ಲಿ ಒಂದು ಚೀಲವೂ ಇರುತ್ತದೆ.

ನಿಂಗರಾಜುವನ್ನು ಕರೆದು ಕೇಳಿದೆವು, ಸೋಮವಾರ ಬಂದಿದ್ದವರು ಯಾರು ಎಂದು. ನೆಲ ನೋಡಿಕೊಂಡು ಯಾರೂ ಇಲ್ಲ ಎಂದ. ಅಲ್ಲಿಯವರೆಗೆ ನಾನು ಅವನ ಪರವಾಗಿ ಕೂಗಾಡುತ್ತಿದ್ದವನು. ಬಡವರ ಮನೆ ಹುಡುಗ ಎಂದಾಕ್ಷಣ ಕಳ್ಳ ಎನ್ನುವುದು ನಿಮಗೆಲ್ಲ ನೀರು ಕುಡಿದಷ್ಟು ಸುಲಭ ಎಂದು ಮೃತ್ಯುಂಜಯನ ಮುಖಕ್ಕೆ ಹೇಳಿದ್ದೆ. ಆದರೆ ಆ ಸುಳ್ಳು ಕೇಳಿ ನನಗೂ ಒಳಗೊಳಗೇ ಅಳುಕು ಶುರುವಾಯಿತು.

ಕೆಲಸದಿಂದ ತೆಗೆದು ಪೊಲೀಸಿಗೆ ಕೊಡುವುದೆಂದು ಮಾತಾಯಿತು. ಅದಕ್ಕೆ ಮೊದಲು ಒಂದು ಪರೀಕ್ಷೆಯಾಗಲಿ ಎಂದು ನಾನು ಹಟ ಹಿಡಿದದ್ದಕ್ಕೆ ರೂಪಶ್ರೀಯನ್ನು ಕರೆಸಿದರು. ತೂತು ಹುಳ ಕೊರೆದದ್ದಾದರೆ ನಿಂಗರಾಜುವಿನ ಕೆಲಸ ಮಾನ ಎರಡೂ ಉಳಿಯುತ್ತವೆ, ಕೈಯಿಂದ ಚುಚ್ಚಿದ್ದಾದರೆ ಎರಡೂ ಹೋಗುತ್ತವೆ. ಅವಳು ಹೇಳಬೇಕಾದದ್ದು ಅಷ್ಟೇ.

ಅವಳು ಬಂದವಳೇ ಟೀ ಬೇಡ ಎಂದಳು. ಟಾರ್ಚನ್ನು ಓರೆಯಾಗಿ ಹಿಡಿದು ಪೆಟ್ಟಿಗೆಯ ಮೂಲೆ ಮೂಲೆ ನೋಡಿದಳು, ಪಕ್ಕದ ಪೆಟ್ಟಿಗೆಗಳನ್ನೂ ನೋಡಿದಳು. ಬೇರೆ ಪೆಟ್ಟಿಗೆಗಳ ಮೂಲೆಯಲ್ಲಿ ಧೂಳು, ಜೇಡರಬಲೆ ಎಲ್ಲ ಇದ್ದವು. ತಂಬೂರಿಯ ಪೆಟ್ಟಿಗೆ ಮಾತ್ರ ಹಬ್ಬದ ದಿನದ ಪಾತ್ರೆಯ ಹಾಗೆ ಫಳಫಳ ಎನ್ನುತ್ತಿತ್ತು. ಇದನ್ನು ಇಷ್ಟು ಚೊಕ್ಕಟವಾಗಿ ಒರೆಸಿದವರು ಯಾರು ಎಂದು ಕೇಳಿದಳು. ನಿಂಗರಾಜು ನಾನೇ ಎಂದ. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ ರೀತಿ ನನಗೇ ಹಿಡಿಸಲಿಲ್ಲ.

ಆಮೇಲೆ ತಂಬೂರಿಯ ಕೆಳಗೆ ಕಪ್ಪು ಕಾಗದ ಹಾಸಿ, ಪೆನ್ಸಿಲ್ಲಿನಿಂದ ಬುರುಡೆಯನ್ನು ಮೆಲ್ಲಗೆ ತಟ್ಟಿದಳು. ಒಂದಿಷ್ಟು ಹುಡಿ ಉದುರಿತು. ಜೊತೆಗೆ ಸಾಸಿವೆ ಕಾಳಿಗಿಂತ ಕೊಂಚ ದೊಡ್ಡದು, ಕಂದು ಬಣ್ಣದ್ದು ಏನೋ ಬಿತ್ತು. ಸತ್ತ ಹುಳ ಎಂದೆ. ಸುಮ್ಮನಿರಿ ಎಂದು ಕೈಸನ್ನೆ ಮಾಡಿದಳು. ಸ್ವಲ್ಪ ಹೊತ್ತಿಗೆ ಅದು ಮಡಚಿದ ಕಾಲು ಬಿಚ್ಚಿಕೊಂಡು ನಡೆಯತೊಡಗಿತು. ಕಳ್ಳ ಹುಳ, ಮುಟ್ಟಿದರೆ ಸತ್ತಂತೆ ಬಿದ್ದಿರುತ್ತದಂತೆ.

ಮಸೂರದಲ್ಲಿ ನನಗೂ ತೋರಿಸಿದಳು. ಗೂನು ಬೆನ್ನು, ತಲೆಯನ್ನು ಎದೆಯ ಕೆಳಗೆ ಬಗ್ಗಿಸಿಕೊಂಡಿತ್ತು. ಬೆನ್ನಿನ ಮೇಲೆ ಸಾಲು ಗೆರೆಗಳಿದ್ದು ಮೀಸೆಯ ತುದಿ ದಪ್ಪಗಿದ್ದರೆ ಅದರ ದಾಯಾದಿ ಹುಳ, ಎರಡನ್ನೂ ಅದಲುಬದಲು ಮಾಡುವುದು ಮಾಮೂಲು ಎಂದಳು. ಇದರ ಬೆನ್ನು ನುಣ್ಣಗಿತ್ತು, ಮೀಸೆ ಗರಗಸದ ಹಾಗಿತ್ತು. ಸಿಗರೇಟ್ ಹುಳ ಎನ್ನುತ್ತಾರಂತೆ, ಹೊಗೆಸೊಪ್ಪಿನಲ್ಲಿ ಹುಟ್ಟಿ ಬೆಳೆಯುವುದಕ್ಕೆ ಆ ಹೆಸರು. ತೂತುಗಳು ಒಳಗಿನಿಂದ ಹೊರಕ್ಕೆ ಕೊರೆದವು, ಸೂಜಿಯವಲ್ಲ ಎಂದು ಹೇಳಿಯೂಬಿಟ್ಟಳು.

ನಾನು ತೊಡೆ ತಟ್ಟಿದೆ. ಆದರೆ ಮೃತ್ಯುಂಜಯ ಸೋಲುವ ಆಸಾಮಿಯೇ? ಹುಳ ಹಿಡಿದ ಬೇರೆ ತಂಬೂರಿಯನ್ನೇ ತಂದಿಟ್ಟಿರಬಹುದಲ್ಲ ಎಂದ. ಎಂದವನು ಊಟಕ್ಕೆ ಮನೆಗೆ ಹೊರಟುಹೋದ. ನಾನು ಬೈದುಕೊಂಡೆ. ರೂಪಶ್ರೀ ಮಾತ್ರ ಅವರು ಹೇಳುವುದರಲ್ಲಿ ಅರ್ಥವಿದೆ ಎಂದಳು! ಈ ಹುಳ ಬರೀ ಒಣ ಬುರುಡೆಯನ್ನು ಹುಡುಕಿಕೊಂಡು ಬರುವುದಿಲ್ಲ, ತಿನ್ನುವ ಯಾವುದೋ ಪದಾರ್ಥದ ಜೊತೆ ಬಂದು ಆಮೇಲೆ ಬುರುಡೆಗೆ ಬಾಯಿ ಹಾಕುತ್ತದೆ, ಆ ಪದಾರ್ಥ ಯಾವುದು ಎಂದು ಕೇಳಿದಳು. ಇಲ್ಲಿ ಹೊಗೆಸೊಪ್ಪು ಹಾಕುವವರು ಯಾರು ಎಂದು ನನ್ನ ಬಾಯಿಯನ್ನೇ ನೋಡಿದಳು. ನಾನು ವೀಳ್ಯದೆಲೆ, ಅಡಿಕೆ, ಸುಣ್ಣ ಬಿಟ್ಟು ಇನ್ನೊಂದು ಕಂಡವನಲ್ಲ. ಹೇಳಿದರೂ ನಂಬದೆ ನನ್ನ ಮೇಜಿನ ಡ್ರಾಯರ್ ಎಳೆದು ಮೂಸಿ ನೋಡಿದಳು. ಅವಳನ್ನು ಕರೆಸಿದ ನನ್ನ ಬುದ್ಧಿಗೆ ಏನೆನ್ನಬೇಕು!

ಡ್ರಾಯರಿನಲ್ಲಿ ಹೊಗೆಸೊಪ್ಪು ಸಿಗಲಿಲ್ಲ, ಸುಣ್ಣದ ಡಬ್ಬಿ ಸಿಕ್ಕಿತು. ಅದನ್ನು ಹಿಡಿದುಕೊಂಡು ಒಂದು ಗಳಿಗೆ ನಿಂತಳು. ಹೋಗಿ ಕಪ್ಪು ಕಾಗದದ ಮೇಲಿನ ಹುಡಿಯನ್ನು ಮತ್ತೆ ನೋಡಿದಳು. ಬುರುಡೆಯ ಹುಡಿ ಮಾಸಲು ಬಣ್ಣಕ್ಕಿರಬೇಕು, ಇದು ಹಳದಿಗಿತ್ತು. ಚಿಟಿಕೆ ಹುಡಿಗೆ ಒಂದು ತೊಟ್ಟು ನೀರು, ಬೆರಳ ತುದಿಯಷ್ಟು ಸುಣ್ಣ ಹಾಕಿ ತೀಡಿದಳು. ಆರತಿ ತಟ್ಟೆಯ ನೀರಿನ ಹಾಗೆ ಕೆಂಪಗಾಯಿತು. ಅರಿಶಿನ ಎಂದು ಹೇಳುವ ಅಗತ್ಯವೇ ಇರಲಿಲ್ಲ.

ಅವಳು ನಿಂಗರಾಜುವಿನ ಕೈ ಹಿಡಿದು ತಿರುಗಿಸಿದಳು. ಉಗುರಿನ ಸಂದಿಯೆಲ್ಲ ಹಳದಿ. 

ಅವನು ತಡವರಿಸುತ್ತ ಹೇಳಿದ್ದು ಇಷ್ಟು. ಅಪ್ಪ ಇರುವಾಗಿನಿಂದಲೂ ಅವ್ವ ಪ್ರತಿ ಅಮಾವಾಸ್ಯೆಗೆ ತಂಬೂರಿಯ ಕೊರಳಿಗೆ ಅರಿಶಿನದ ಕೊಂಬು ಕಟ್ಟುವವಳು. ಅದರ ಹೊಟ್ಟೆಯೊಳಕ್ಕೂ ನಾಲ್ಕು ಚೂರು ಹಾಕುವವಳು, ಬಿತ್ತನೆ ಬೀಜದ ಮಡಕೆಗೆ ಹಾಕುವ ಹಾಗೆ. ಅರಿಶಿನ ಇದ್ದಲ್ಲಿ ಹುಳ ಸುಳಿಯುವುದಿಲ್ಲ ಎನ್ನುವುದು ನಮ್ಮ ಸೀಮೆಯಲ್ಲಿ ಹಸುಗೂಸಿಗೂ ಗೊತ್ತಿರುವ ಮಾತು. ತಂಬೂರಿ ಇಲ್ಲಿಗೆ ಬಂದ ಮೇಲೂ ಅವಳಿಗೆ ಮನಸ್ಸು ತಡೆಯಲಿಲ್ಲ. ಅಮಾವಾಸ್ಯೆಯ ಆಸುಪಾಸಿನ ಸೋಮವಾರ, ರಜೆಯ ದಿನ, ಮಗನೇ ಕರೆತಂದು ಪೆಟ್ಟಿಗೆ ತೆಗೆದುಕೊಡುತ್ತಿದ್ದ. ಟೀ ಅಂಗಡಿಯವನು ಕಂಡ ಚೀಲದಲ್ಲಿ ಇದ್ದದ್ದು ಅರಿಶಿನ.

ರೂಪಶ್ರೀ ಮಿಕ್ಕದ್ದನ್ನು ಹೇಳಿದಳು. ಈ ಹುಳಕ್ಕೆ ಒಣ ಅರಿಶಿನವೆಂದರೆ ಹೊಗೆಸೊಪ್ಪಿನಷ್ಟೇ ಪ್ರಾಣ, ಮಂಡಿಗಳಲ್ಲಿ ಮೂಟೆಗಟ್ಟಲೆ ಹಾಳು ಮಾಡುತ್ತದೆ. ನಿಂಗರಾಜು ಹೇಳಿದ ಪ್ರಕಾರ ಮನೆಯಲ್ಲಿ ತಂಬೂರಿ ಒಲೆಯ ಮೇಲೆ ತೂಗುಹಾಕಿತ್ತು, ಅದನ್ನು ಕಾಯ್ದದ್ದು ಹೊಗೆ. ಇಲ್ಲಿ ಹೊಗೆಯಿಲ್ಲ, ಗಾಳಿಯಿಲ್ಲ, ಗಾಜಿನೊಳಗೆ ಬೆಚ್ಚಗೆ ಕೂತು ತಿಂದಿತು. ಅರಿಶಿನ ಮುಗಿಯುತ್ತ ಬಂದಾಗ ಬುರುಡೆಯನ್ನೂ ತಿಂದಿತು.

ಅತಿಥಿಗಳ ಮುಂದೆ ಡಬ್ ಎಂದಾಗಲೇ ನಿಂಗರಾಜುವಿಗೆ ಗೊತ್ತಾಗಿತ್ತು. ಹಳೆಯದೆಂದು ನಾವ್ಯಾರೂ ಲಕ್ಷ್ಯಕ್ಕೇ ತೆಗೆದುಕೊಂಡಿರದ ಕೊರಳಿನ ಕೊಂಬು ಬಿಚ್ಚಿ, ಹುಡಿ ಕೊಡವಿ, ಪೆಟ್ಟಿಗೆ ಒರೆಸಿ, ಎಲ್ಲವನ್ನೂ ಮೋರಿಗೆ ಸುರಿದಿದ್ದ. ಅವ್ವನಿಗೆ ಇನ್ನು ಮ್ಯೂಸಿಯಂ ಕಡೆ ಬರಬೇಡ ಎಂದಿದ್ದ.

"ಕಳ್ಳ ಅಂತ್ಲೇ ಬರ್ಕಳಿ ಮೇಡಂ," ಎಂದ. "ಕೆಲ್ಸ ಓದ್ರೆ ಓಗ್ಲಿ, ಎಲ್ಲಾರ ಕೂಲಿ ಮಾಡ್ಕತೀನಿ. ನೀ ಕಟ್ಟಿದ್ ಅರಿಸ್ನನೇ ಅಪ್ಪನ್ ತಂಬೂರಿ ತಿಂದ್ಬುಡ್ತು ಅಂತ ನಮ್ಮವ್ವಂಗ್ ಮಾತ್ರ ಯೋಳ್ಬ್ಯಾಡಿ."

ನನಗೆ ಕೋಪ ಬಂತು. ಅಯ್ಯೋ ದಡ್ಡ, ಮೊದಲೇ ನನ್ನ ಕಿವಿಗೆ ಹಾಕಬಾರದಿತ್ತೇನೋ ಎಂದು ಬೈದೆ. ರೂಪಶ್ರೀಯ ಮುಖದಲ್ಲಿ ಏನೂ ಕಾಣಲಿಲ್ಲ. ಅವಳು ಇದನ್ನೂ ನಂಬಿರಲಿಲ್ಲ, ಪುಣ್ಯಾತ್ಗಿತ್ತಿ! ಉದ್ದನೆಯ ಚಿಮಟವನ್ನು ಬುರುಡೆಯ ಬಾಯಿಯೊಳಕ್ಕೆ ಇಳಿಸಿ ತಡಕಾಡಿ, ಜರಡಿಯಾಗಿದ್ದ ಅರಿಶಿನದ ಚೂರೊಂದನ್ನು ಎಳೆದಳು. ಟಾರ್ಚಿನ ಬೆಳಕು ಬಿಟ್ಟು ಬುರುಡೆಯ ಮೇಲ್ಮೈಯ ಸಂದುಗಳನ್ನು ನೋಡಿದಳು. ಅಲ್ಲಿ ಹಳೆಯ ಒಲೆಯ ಮಸಿ ಅಂಟು ಕಟ್ಟಿ ಕೂತಿತ್ತು, ಹೊಸ ಬುರುಡೆಗೆ ಅದು ಬರುವುದಿಲ್ಲ. ಆಗ ತಲೆಯಾಡಿಸಿದಳು.

"ನನಗೆ ಸುಳ್ಳು ಬರೆಯೋಕೆ ಬರಲ್ಲ ನಿಂಗರಾಜು," ಎಂದಳು. "ಹುಳ ಎಲ್ಲಿಂದ ಬಂತು ಅಂತ ಹೇಳದೇ ಇದ್ರೆ ನಿನ್ನ ಮೇಲಿರೋ ಅನುಮಾನ ಹೋಗಲ್ಲ."

ಅವನು ಕೈಮುಗಿದ. ನಾಳೆ ಬರುತ್ತೇನೆ ಎಂದು ಅವಳು ಬಸ್ಸು ಹತ್ತಿದಳು. ಕಲ್ಲೆದೆಯವಳು ಎಂದುಕೊಂಡೆ.

ಮಾರನೆಯ ದಿನ ಗುಂಡ್ಲುಪೇಟೆಯಿಂದ ಬರುವ ದಾರಿಯಲ್ಲಿ ತೆರಕಣಾಂಬಿಯಲ್ಲಿ ಇಳಿದು, ಚಿಕ್ಕಮಾದಮ್ಮನನ್ನೇ ಜೊತೆಗೆ ಕರೆತಂದಳು. ದಾರಿಯಲ್ಲಿ ಏನೂ ಹೇಳಿರಲಿಲ್ಲವಂತೆ. ಬೇರೆಯವರ ಬಾಯಿಂದ ಉಪ್ಪುಖಾರ ಸೇರಿ ಮುದುಕಿಯ ಕಿವಿಗೆ ಬೀಳುವುದಕ್ಕಿಂತ ಕಣ್ಣಾರೆ ನೋಡಲಿ ಎನ್ನುವುದು ಅವಳ ಲೆಕ್ಕ. ಅವ್ವನನ್ನು ಕಂಡ ನಿಂಗರಾಜು ಗೋಡೆಗೆ ಒರಗಿದ. ನಾನು ರೂಪಶ್ರೀಯನ್ನು ಸುಟ್ಟುಬಿಡುವ ಹಾಗೆ ನೋಡಿದೆ. ಅವಳು ಲಕ್ಷ್ಯಕ್ಕೇ ತೆಗೆದುಕೊಳ್ಳಲಿಲ್ಲ.

ಮೃತ್ಯುಂಜಯನ ಎದುರಿಗೇ ತಂಬೂರಿಯನ್ನು ಮೇಜಿನ ಮೇಲೆ ಇಟ್ಟು, ತೂತುಗಳನ್ನು ತೋರಿಸಿ, ಜರಡಿಯಾದ ಅರಿಶಿನವನ್ನು ಚಿಕ್ಕಮಾದಮ್ಮನ ಅಂಗೈಗೆ ಹಾಕಿ ಎಲ್ಲವನ್ನೂ ಮೆಲ್ಲಗೆ, ಬಿಡಿಸಿ ಬಿಡಿಸಿ ಹೇಳಿದಳು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಡೀಪ್ ಫ್ರೀಜರಿನಲ್ಲಿಟ್ಟರೆ ಹುಳ ಸಾಯುತ್ತವೆ, ತಂಬೂರಿ ಉಳಿಯುತ್ತದೆ, ಮೊದಲಿನ ದನಿ ಮಾತ್ರ ಬರಲಾರದು ಎಂದಳು. ನಿಂಗರಾಜು ಏನನ್ನೂ ಕದ್ದಿಲ್ಲ ಎಂದು ಕೊನೆಗೆ ಸೇರಿಸಿದಳು. ಮೃತ್ಯುಂಜಯ ಕೆಮ್ಮಿ ಕಿಟಕಿಯ ಕಡೆ ತಿರುಗಿದ.

ಚಿಕ್ಕಮಾದಮ್ಮ ಆ ಚೂರನ್ನು ಹಿಸುಕಿದಳು. ಅದು ಪುಡಿಪುಡಿಯಾಯಿತು. ಈಗ ಎದೆ ಬಡಿದುಕೊಳ್ಳುತ್ತಾಳೆ ಎಂದು ನಾನು ಹೆದರಿ ಕುರ್ಚಿ ಎಳೆದೆ. ಅವಳು ತಂಬೂರಿ ನೋಡಲಿಲ್ಲ, ಮಗನನ್ನು ನೋಡಿದಳು.

"ಅಂಗಾರ ನೀನು ಮಾರ್ನಿಲ್ವ?" ಎಂದಳು.

ನಿಂಗರಾಜು ಇಲ್ಲವೆಂದು ತಲೆಯಲ್ಲಾಡಿಸಿದ. ಅವಳು ಮುಂದುವರಿಸಿದಳು.

"ಬರ್ಬ್ಯಾಡ ಬರ್ಬ್ಯಾಡ ಅಂತಿದ್ದಲ್ಲ, ಮಾರ್ಕಬುಟ್ಟವ್ನ ಅಂತ ನಾನೂ ಅಂದ್ಕಬುಟ್ಟೆ ಕಣ ಮಗ. ಆ ದುಡ್ನ ಅಕ್ಕಿ ಉಣ್ಣಾಕ್ ಆಗ್ದೆಯ ಒಟ್ಟೆನೋವು ಅಂತ ಸುಳ್ಳೇಳಿ ಪಕ್ಕದ್ ಮನೇಲಿ ಉಣ್ತಿದ್ದೆ. ಅರಿಸ್ನ ತಿಂದಿದ್ರ ತಿನ್ಲಿ ಬುಡು."

ಮೃತ್ಯುಂಜಯ ಕಳ್ಳ ಎಂದಾಗಲೂ ಅಳದಿದ್ದ ನಿಂಗರಾಜು ಗಾಜಿನ ಪೆಟ್ಟಿಗೆಗೆ ಹಣೆ ಒತ್ತಿ ಗಳಗಳನೆ ಅತ್ತುಬಿಟ್ಟ. ಅವ್ವ ಅವನ ತಲೆ ಸವರಲು ಕೈ ಚಾಚಿದಳು. ಕೈ ತುಂಬ ಅರಿಶಿನದ ಹುಡಿ ಇದ್ದದ್ದು ಕಂಡು ಹಿಂದಕ್ಕೆ ಎಳೆದುಕೊಂಡಳು.